ಅಪರಾಧಿ ಯಾರೆಂದು ಹೇಳಬೇಡಿ

ಪತ್ತೇದಾರಿ ಕಾದಂಬರಿಗೆ ಒಂದು ವಿಚಿತ್ರವಾದ ಶಾಪವಿದೆ. ಬೇರೆ ಯಾವ ಪುಸ್ತಕವನ್ನು ಓದಿ ಮೆಚ್ಚಿದರೂ ಅದರ ಕಥೆಯನ್ನು ಹತ್ತು ಜನರ ಮುಂದೆ ಹೇಳಿ ಸಂತೋಷಪಡಬಹುದು. ರಾಮಾಯಣದ ಕಥೆಯನ್ನು ಬಾಯಿಪಾಠ ಬಲ್ಲವರೇ ಹರಿಕಥೆಗೆ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಪತ್ತೇದಾರಿ ಕಾದಂಬರಿಯ ವಾಚಕನಿಗೆ ಮಾತ್ರ ಈ ಭಾಗ್ಯವಿಲ್ಲ. ಅದರ ಮುಖ್ಯ ಸಂಗತಿಯನ್ನು ಓದದವರ ಮುಂದೆ ಹೇಳಿದರೆ ದ್ರೋಹ. ಓದಿದವರ ಮುಂದೆ ಹೇಳಿದರೆ ವ್ಯರ್ಥ. ಹಾಗಾದರೆ ಇಂಥ ಪುಸ್ತಕವನ್ನು ಓದಿದವರು ಒಂದೆಡೆ ಸೇರಿದಾಗ ಏನನ್ನು ಮಾತನಾಡುತ್ತಾರೆ? ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಈ ಪ್ರಶ್ನೆಗೆ ಒಂದು ತಿಂಗಳ ಕಾಲ ಉತ್ತರ ದೊರೆಯಿತು.

ಆ ಮನೆಯ ಯಜಮಾನರು ಸರ್ಕಾರದ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತರಾದವರು. ಬೀದಿಯವರೆಲ್ಲರಿಗೂ ಅವರು 'ರಾಯರು'. ಎಪ್ಪತ್ತೆರಡರ ವಯಸ್ಸು, ಮದುವೆಯಾಗಿ ನಾಲ್ವತ್ತನಾಲ್ಕು ವರ್ಷ. ಮನೆಯಾಕೆಯೊಂದಿಗೆ ಅವರಿಗೆ ಎಂದೂ ಜಗಳವಿಲ್ಲ. ಹೆಚ್ಚು ಮಾತೂ ಇಲ್ಲ. "ಹಾಲು ಬಂತೇ?" "ಬಂತು." "ಕರೆಂಟ್ ಬಿಲ್ಲು ಕಟ್ಟಿದಿರಾ?" "ಕಟ್ಟಿದೆ." ಇಷ್ಟರಲ್ಲಿ ಒಂದು ದಿನದ ಸಂಭಾಷಣೆ ಮುಗಿಯುತ್ತಿತ್ತು. ಉಳಿದ ಹೊತ್ತಿನಲ್ಲಿ ರಾಯರು ಪತ್ರಿಕೆ ಓದುವರು, ಆಕೆ ಕಾದಂಬರಿ ಓದುವರು. ಅದರಲ್ಲಿಯೂ ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳೆಂದರೆ ಆಕೆಗೆ ಪ್ರಾಣ. ರಾಯರಿಗೆ ಆ ಪುಸ್ತಕಗಳ ವಿಷಯದಲ್ಲಿ ಒಂದು ಬಗೆಯ ಕನಿಕರವಿತ್ತು. ಮಕ್ಕಳು ಮಿಠಾಯಿ ತಿನ್ನುವುದನ್ನು ದೊಡ್ಡವರು ನೋಡುವಂತೆ ಅವರು ಹೆಂಡತಿಯ ಓದನ್ನು ನೋಡುತ್ತಿದ್ದರು.

ಹೀಗಿರಲು ಮನೆಯಾಕೆಯ ಕಣ್ಣಿಗೆ ಪೊರೆ ಬಂದಿತು. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಇನ್ನೊಂದು ಕಣ್ಣಿನ ಪೊರೆಯೂ ದಪ್ಪವಾಗಿಯೇ ಇತ್ತು. ವೈದ್ಯರು ಹನಿ ಔಷಧಿ ಕೊಟ್ಟು, ಕಪ್ಪು ಕನ್ನಡಕ ಹಾಕಿಸಿ, ಓದುವ ಕನ್ನಡಕವನ್ನು ಒಂದು ತಿಂಗಳ ಮೇಲೆ ಬರೆದುಕೊಡುವುದಾಗಿಯೂ ಅಲ್ಲಿಯವರೆಗೆ ಸಣ್ಣ ಅಕ್ಷರಕ್ಕೆ ಕಣ್ಣು ನೋಯಿಸಬಾರದೆಂದೂ ಹೇಳಿದರು. ಆಕೆ ಪ್ರತಿಭಟಿಸಲಿಲ್ಲ. ಆದರೆ ಮಾರನೆಯ ದಿನ ಸಂಜೆ ಮಡಿಲಿನಲ್ಲಿ ಪುಸ್ತಕವೊಂದನ್ನು ಇಟ್ಟುಕೊಂಡು, ಅದನ್ನು ತೆರೆಯದೆ, ಅದರ ಬೆನ್ನನ್ನು ಸವರುತ್ತ ಕುಳಿತಿದ್ದರು.

ಕಾಲೇಜಿನಲ್ಲಿ ಓದುವ ಮೊಮ್ಮಗಳು, "ಅಜ್ಜೀ, ಮೊಬೈಲಿನಲ್ಲಿ ಯಾರೋ ಓದಿರೋದು ಸಿಗುತ್ತೆ, ಹಾಕಿಕೊಡ್ತೀನಿ" ಎಂದಳು.

"ಅದು ನಾನು ಮಧ್ಯೆ ಮಾತಾಡಿದರೆ ಉತ್ತರ ಕೊಡುತ್ತೇನಮ್ಮ?" ಎಂದರು ಅಜ್ಜಿ.

ರಾಯರು ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟರು. "ಕೊಡು ಇಲ್ಲಿ. ಎಲ್ಲಿಯವರೆಗೆ ಓದಿದ್ದೀಯೆ?"

"ಅರ್ಧ ಆಗಿದೆ."

"ಅರ್ಧದಿಂದ ಓದಿದರೆ ನನಗೇನು ತಿಳಿಯಬೇಕು? ಕಡತವನ್ನು ಮೊದಲ ಹಾಳೆಯಿಂದಲೇ ನೋಡಬೇಕು."

ಪುಸ್ತಕ ಅಗಾಥಾ ಕ್ರಿಸ್ಟಿಯದು. 'ದಿ ಸೀಕ್ರೆಟ್ ಅಡ್ವರ್ಸರಿ' ಎಂಬ ಹೆಸರಿನ, 1922ರಲ್ಲಿ ಅಚ್ಚಾದ ಕಾದಂಬರಿ. ರಾಯರು ಕಚೇರಿಯ ಶಿಸ್ತಿಗೆ ಅನುಸಾರವಾಗಿ ಮುಖಪುಟ, ಪ್ರಕಾಶಕರ ವಿಳಾಸ, ಕಡೆಗೆ ಅರ್ಪಣೆಯ ಪುಟವನ್ನೂ ಬಿಡದೆ ಓದಿದರು. ಲೇಖಕಿ ಅದನ್ನು ಯಾವ ದೊರೆಗೂ ಬಂಧುವಿಗೂ ಅರ್ಪಿಸಿರಲಿಲ್ಲ. ಏರಿಳಿತವಿಲ್ಲದೆ ಒಂದೇ ತೆರನಾಗಿ ದಿನ ಕಳೆಯುವವರು ಪರರ ಮೂಲಕವಾದರೂ ಸಾಹಸದ ಸುಖವನ್ನೂ ಅಪಾಯವನ್ನೂ ಸವಿಯಲಿ ಎಂದು ಹಾರೈಸಿ, ಅಂಥವರೆಲ್ಲರಿಗೂ ಪುಸ್ತಕವನ್ನು ಒಪ್ಪಿಸಿದ್ದಳು.

"ಅದು ನನಗೇ ಬರೆದದ್ದು" ಎಂದು ಮನೆಯಾಕೆ ನಕ್ಕರು.

ನಗುತ್ತ ಹೇಳಿದ ಮಾತು. ಆದರೂ ರಾಯರು ಮುಂದಿನ ಪುಟವನ್ನು ತಿರುಗಿಸಲು ಸ್ವಲ್ಪ ತಡಮಾಡಿದರು. ಏಳು ವರ್ಗಾವಣೆ, ಒಂಬತ್ತು ಬಾಡಿಗೆ ಮನೆ. ಪ್ರತಿಯೊಂದರಲ್ಲಿಯೂ ಪಾತ್ರೆಗಳನ್ನು ಗೋಣಿಚೀಲದಿಂದ ಬಿಚ್ಚಿದವಳು, ಮತ್ತೆ ಕಟ್ಟಿದವಳು ಆಕೆ. ಅದನ್ನು ರಾಯರು 'ಸಂಸಾರ' ಎಂದು ತಿಳಿದಿದ್ದರು. 'ಒಂದೇ ತೆರ' ಎಂಬ ಹೆಸರೂ ಅದಕ್ಕೆ ಇರಬಹುದೆಂದು ಅವರಿಗೆ ತೋರಿರಲಿಲ್ಲ.

ಕಥೆ ನಿಜವಾದ ಒಂದು ದುರಂತದಿಂದ ಆರಂಭವಾಗುತ್ತದೆ. 1915ರ ಮೇ 7ರಂದು ಐರ್ಲೆಂಡಿನ ಕರಾವಳಿಯ ಬಳಿ ಜರ್ಮನರ ಜಲಾಂತರ್ಗಾಮಿಯೊಂದು ಲೂಸಿಟಾನಿಯಾ ಎಂಬ ಪ್ರಯಾಣಿಕರ ಹಡಗನ್ನು ಒಡೆಯಿತು. ಹದಿನೆಂಟು ನಿಮಿಷಗಳಲ್ಲಿ ಹಡಗು ಮುಳುಗಿ ಸುಮಾರು 1,200 ಜನ ಸತ್ತರು. ಕಾದಂಬರಿಯಲ್ಲಿ, ಆ ಹಡಗು ವಾಲುತ್ತಿರುವಾಗ ಒಬ್ಬ ಗೃಹಸ್ಥನು ಜೇನ್ ಫಿನ್ ಎಂಬ ಅಪರಿಚಿತ ತರುಣಿಯ ಕೈಗೆ ಗುಟ್ಟಿನ ಕಾಗದವೊಂದನ್ನು ಕೊಡುತ್ತಾನೆ. ಜೀವರಕ್ಷಕ ದೋಣಿಗೆ ಮೊದಲು ಹೆಂಗಸರು, ಮಕ್ಕಳು. ಆದುದರಿಂದ ಕಾಗದ ಉಳಿಯಬೇಕಾದರೆ ಹೆಂಗಸಿನ ಕೈಯಲ್ಲಿಯೇ ಇರಬೇಕು. ಆಮೇಲೆ ಕಾಗದವೂ ಇಲ್ಲ, ಹುಡುಗಿಯೂ ಇಲ್ಲ.

ಕೆಲವು ವರ್ಷಗಳ ಮೇಲೆ ಯುದ್ಧ ಮುಗಿದ ಲಂಡನ್ನಿನಲ್ಲಿ, ನೆಲದಡಿಯ ರೈಲಿನ ನಿಲ್ದಾಣವೊಂದರ ಬಾಗಿಲಲ್ಲಿ ಇಬ್ಬರು ಬಾಲ್ಯಸ್ನೇಹಿತರು ಎದುರಾಗುತ್ತಾರೆ. ಸೈನ್ಯದಿಂದ ಬಿಡುಗಡೆಯಾದ ಟಾಮಿ, ಆಸ್ಪತ್ರೆಯಲ್ಲಿ ಯುದ್ಧಸೇವೆ ಮಾಡಿ ಬಂದ ಟಪೆನ್ಸ್. ಇಬ್ಬರ ವಯಸ್ಸನ್ನು ಕೂಡಿದರೂ ನಾಲ್ವತ್ತೈದು ತುಂಬುವುದಿಲ್ಲ. ಇಬ್ಬರ ಜೇಬೂ ಬರಿದು. ಚಹಾದಂಗಡಿಗೆ ಹೋಗುವ ಮೊದಲೇ, ಅವರವರ ಹಣ ಅವರವರೇ ಕೊಡತಕ್ಕದ್ದು ಎಂದು ಒಪ್ಪಂದವಾಗುತ್ತದೆ. ಕೆಲಸ ಕೊಡುವವರಿಲ್ಲ, ಹಾಗಾದರೆ ಸಾಹಸವನ್ನೇ ಕಸಬು ಮಾಡಿಕೊಂಡು ಒಂದು ಕಂಪೆನಿ ತೆರೆಯೋಣ ಎನ್ನುತ್ತಾಳೆ ಟಪೆನ್ಸ್. ಬಂಡವಾಳ, ಇಬ್ಬರ ಧೈರ್ಯ.

ಮೊದಲ ಸಂಜೆಯೇ ರಾಯರಿಗೆ ಭಾಷೆಯ ತೊಡಕು ಬಂದಿತು. ಆಕೆಗೆ ಇಂಗ್ಲಿಷ್ ಬರುತ್ತಿದ್ದರೂ ಕೇಳುವಾಗ ಕನ್ನಡವಾದರೆ ಸುಖವೆಂದು ಅವರು ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತಿದ್ದರು. ಟಾಮಿ ಮತ್ತು ಟಪೆನ್ಸ್ ಅಂದಿನ ತರುಣರ ರೂಢಿಯಂತೆ ಒಬ್ಬರನ್ನೊಬ್ಬರು ಪ್ರೀತಿಯಿಂದ ಕರೆಯುವ ಮಾತನ್ನು ಅಕ್ಷರಶಃ ಹೇಳಿದರೆ 'ಹಳೆಯ ಹುರುಳಿಕಾಯಿ' ಎಂದಾಗುತ್ತದೆ.

"ಹುರುಳಿಕಾಯೇ?" ಎಂದರು ಮನೆಯಾಕೆ.

"ಹಾಗೇ ಇದೆ, ನಾನೇನು ಮಾಡಲಿ?"

"ನೀವು ನನ್ನನ್ನು ನಾಲ್ವತ್ತನಾಲ್ಕು ವರ್ಷದಿಂದ 'ಇವಳೇ' ಅಂತೀರಿ. ಅದಕ್ಕಿಂತ ಹುರುಳಿಕಾಯಿಯೇ ವಾಸಿ."

ಅಡುಗೆಮನೆಯಲ್ಲಿದ್ದ ಸೊಸೆ ಗಟ್ಟಿಯಾಗಿ ನಕ್ಕಳು. ಮಾರನೆಯ ಸಂಜೆ ಆಕೆಯೂ ಬ್ಯಾಂಕಿನಿಂದ ಬಂದವಳು ಅವರೆಕಾಯಿಯ ಬುಟ್ಟಿಯೊಂದಿಗೆ ನಡುಮನೆಗೇ ಬಂದು ಕುಳಿತಳು. ಮೂರನೆಯ ದಿನ ಮೊಮ್ಮಗಳು ಬಂದಳು. ವಾರ ಮುಗಿಯುವುದರೊಳಗೆ ಎದುರುಮನೆಯ ನಿವೃತ್ತ ಇಂಗ್ಲಿಷ್ ಅಧ್ಯಾಪಿನಿಯೂ ಸೇರಿಕೊಂಡರು. ಅವರು ಈ ಲೇಖಕಿಯ ಪುಸ್ತಕಗಳನ್ನೆಲ್ಲ ಓದಿದವರು. ಆದುದರಿಂದ ಅಪಾಯಕಾರಿ ವ್ಯಕ್ತಿ. "ಅಪರಾಧಿ ಯಾರೆಂದು ಹೇಳುವಂತಿಲ್ಲ, ಮುಖ ಕೂಡ ಮಾಡುವಂತಿಲ್ಲ" ಎಂಬ ಷರತ್ತಿನ ಮೇಲೆ ಅವರಿಗೆ ಕಾಫಿ ದೊರೆಯಿತು.

ಪುಸ್ತಕ ಒಂದೇ, ಐವರು ಓದಿದ್ದು ಮಾತ್ರ ಐದು ಬಗೆ. ಮೊಮ್ಮಗಳಿಗೆ ಟಪೆನ್ಸ್ ದೇವತೆಯಾದಳು. ಪಾದ್ರಿಯ ಮಗಳು, ನಿಜವಾದ ಹೆಸರು ವಿವೇಕವೆಂಬ ಅರ್ಥದ ಪ್ರೂಡೆನ್ಸ್, ಅಡ್ಡಹೆಸರು ಎರಡು ಕಾಸು! ಹೆಸರಿನ ವಿವೇಕವನ್ನು ತೊರೆದು ಕಾಸಿನ ಹಿಂದೆ ಓಡುವ ಆ ಹುಡುಗಿ, ಅಪಾಯದ ಮನೆಗೆ ಕೆಲಸದವಳಾಗಿ ಹೊಕ್ಕು ಬೇಹು ನಡೆಸುತ್ತಾಳೆ. ಸೊಸೆಗೆ ಮೆಚ್ಚಿಗೆಯಾದವನು ಲಿಫ್ಟಿನ ಹುಡುಗ ಆಲ್ಬರ್ಟ್. ಅಗ್ಗದ ಪತ್ತೇದಾರಿ ಪುಸ್ತಕಗಳಲ್ಲಿ ಮುಳುಗಿರುವ ಅವನಿಗೆ ಟಪೆನ್ಸ್ ಹಳೆಯ ಬಿಲ್ಲೆಯೊಂದನ್ನು ತೋರಿಸಿ ತಾನು ಅಮೆರಿಕದ ಪತ್ತೇದಾರಳೆಂದು ನಂಬಿಸುತ್ತಾಳೆ. ಅವನೋ ಜನ್ಮ ಸಾರ್ಥಕವಾಯಿತೆಂಬಂತೆ ಬೆನ್ನಿಗೆ ನಿಲ್ಲುತ್ತಾನೆ. ತನ್ನ ಪಿಸ್ತೂಲಿಗೆ ಮುದ್ದಿನ ಹೆಸರಿಟ್ಟುಕೊಂಡು, ಹಣವೆಂದರೆ ನೀರೆಂದು ತಿಳಿದು ತಿರುಗುವ ಅಮೆರಿಕದ ಕೋಟ್ಯಧೀಶ ಜೂಲಿಯಸ್‌ನನ್ನು ಮಾತ್ರ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುವ ಸೊಸೆ ಕಡೆಯವರೆಗೂ ಒಪ್ಪಲಿಲ್ಲ. "ಇಷ್ಟು ಧಾರಾಳವಾಗಿ ಖರ್ಚು ಮಾಡುವವರ ಕಾಗದಪತ್ರ ನೋಡಬೇಕು" ಎನ್ನುತ್ತಿದ್ದಳು.

ರಾಯರು ಟಾಮಿಯ ಪಕ್ಷ. ಟಾಮಿ ಚುರುಕು ಬುದ್ಧಿಯವನಲ್ಲ. ಕಲ್ಪನೆ ಅವನಿಗೆ ಕಡಮೆ. ಆದುದರಿಂದಲೇ ಅವನನ್ನು ಮರುಳುಗೊಳಿಸುವುದು ಕಷ್ಟ. ನಿಧಾನವಾಗಿ ಹೋದರೂ ಸರಿಯಾದ ಕಡೆಗೇ ಹೋಗುತ್ತಾನೆ.

"ಆಡಳಿತಕ್ಕೆ ಇಂಥವರೇ ಬೇಕು" ಎಂದರು ರಾಯರು.

"ಸಂಸಾರಕ್ಕೂ ಆದೀತು. ಆದರೆ ಪಾಪ, ಆ ಹುಡುಗಿ ಕಾಯಬೇಕು" ಎಂದರು ಮನೆಯಾಕೆ.

ರಾಯರಿಗೆ ಆಕ್ಷೇಪಣೆಗಳೂ ಇದ್ದವು. ಬೀದಿಯಲ್ಲಿ ಹೋಗುವಾಗ ಟಾಮಿಯ ಕಿವಿಗೆ 'ಜೇನ್ ಫಿನ್' ಎಂಬ ಹೆಸರು ಬೀಳುವುದು, ಚಹಾ ಕುಡಿಯುತ್ತ ಅವನು ಅದನ್ನು ಟಪೆನ್ಸಳಿಗೆ ಹೇಳುವುದು, ಅವಳು ಸುಳ್ಳು ಹೆಸರು ಬೇಕಾದಾಗ ಅದನ್ನೇ ಬಳಸಿ ಶತ್ರುವಿನ ಬಲೆಯನ್ನೇ ಅಲುಗಿಸುವುದು, ಇವೆಲ್ಲ ಇಷ್ಟು ಸುಲಭವಾಗಿ ಕೂಡಿಬರುವುದುಂಟೇ? "ಇಂಥ ವರದಿ ನನ್ನ ಮೇಜಿಗೆ ಬಂದಿದ್ದರೆ ವಾಪಸು ಕಳಿಸುತ್ತಿದ್ದೆ" ಎಂದರು.

ಅದಕ್ಕೆ ಅಧ್ಯಾಪಿನಿಯವರು ಒಂದು ಸ್ವಾರಸ್ಯವನ್ನು ಹೇಳಿದರು. ಕ್ರಿಸ್ಟಿ ಒಮ್ಮೆ ಚಹಾದಂಗಡಿಯಲ್ಲಿ ಕುಳಿತಿದ್ದಾಗ ಪಕ್ಕದ ಮೇಜಿನವರು ಜೇನ್ ಫಿಶ್ ಎಂಬಾಕೆಯ ವಿಷಯ ಮಾತನಾಡುತ್ತಿದ್ದರಂತೆ. ಆ ಹೆಸರು ಮನಸ್ಸಿಗೆ ಹಿಡಿಸಿ, ಫಿಶ್ ಎಂಬುದು ಫಿನ್ ಆಗಿ, ಕಾದಂಬರಿ ಹುಟ್ಟಿತೆಂದು ಆಕೆಯೇ ಆತ್ಮಕಥೆಯಲ್ಲಿ ಬರೆದಿದ್ದಾಳೆ. 1920ರಲ್ಲಿ ಮೊದಲ ಪುಸ್ತಕ ಬಂದಿತ್ತು. ತಾಯಿಯ ಮನೆಯನ್ನು ಉಳಿಸಿಕೊಳ್ಳಲು ಹಣ ಬೇಕಾಗಿತ್ತು. ಇನ್ನೊಂದು ಪುಸ್ತಕ ಬರೆಯಬಾರದೇಕೆ ಎಂದು ಸೂಚಿಸಿದವನು ಗಂಡ. ಮೊದಲನೆಯದರಂತಿಲ್ಲವೆಂದು ಪ್ರಕಾಶಕರು ಮುಖ ಸಿಂಡರಿಸಿದರು. ಕಥೆ ಮೊದಲು 'ಟೈಮ್ಸ್' ಪತ್ರಿಕೆಯ ವಾರದ ಸಂಚಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಬಳಿಕ ಪುಸ್ತಕವಾಯಿತು.

"ವಾರಕ್ಕೊಂದು ಕಂತು!" ಎಂದು ಮನೆಯಾಕೆ ನಿಟ್ಟುಸಿರುಬಿಟ್ಟರು. "ಆ ಕಾಲದ ಹೆಂಗಸರು ಹೇಗೆ ತಡೆದುಕೊಂಡಿದ್ದಾರು?"

ತಡೆದುಕೊಳ್ಳಲಾರದೆ ಹೋದವರು ರಾಯರೇ. ದಿನಕ್ಕೊಂದು ಗಂಟೆ ಓದು ಎಂಬ ನಿಯಮವನ್ನು ಅವರೇ ಮಾಡಿದ್ದರು. ಶತ್ರುಪಕ್ಷದ ನಾಯಕನಾದ 'ಮಿಸ್ಟರ್ ಬ್ರೌನ್' ಎಂಬವನನ್ನು ಕಂಡವರಿಲ್ಲ. ಕಥೆಯೊಳಗೆ ಓಡಾಡುತ್ತಿರುವ ಯಾರಾದರೂ ಅವನಾಗಿರಬಹುದು. ರಾಯರು ಪ್ರತಿ ಸಂಜೆಯೂ ಒಬ್ಬನನ್ನು ಹಿಡಿದು, ಸಾಕ್ಷ್ಯಗಳನ್ನು ಅನುಕ್ರಮವಾಗಿ ನಿರೂಪಿಸಿ, ಶಿಕ್ಷೆ ವಿಧಿಸುತ್ತಿದ್ದರು. ಮನೆಯಾಕೆಯೂ ಬೇರೊಬ್ಬನನ್ನು ಹಿಡಿಯುತ್ತಿದ್ದರು. ಈ ವಾದದ ಭರದಲ್ಲಿ ಒಂದು ದಿನ ರಾಯರ ಬಾಯಿಂದ ಹಳೆಯ ಗುಟ್ಟೊಂದು ಹೊರಬಿದ್ದಿತು. ಹುಡುಗನಾಗಿದ್ದಾಗ ಅವರೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳನ್ನು ಭೂಗೋಳದ ಪುಸ್ತಕದೊಳಗೆ ಅಡಗಿಸಿಕೊಂಡು ಓದಿ, ತಂದೆಯಿಂದ ಏಟು ತಿಂದಿದ್ದರಂತೆ!

"ನಲವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಹೇಳಲಿಲ್ಲವಲ್ಲ!" ಎಂದರು ಮನೆಯಾಕೆ.

"ನೀನು ಕೇಳಲಿಲ್ಲ."

ಅಂದು ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ರಾಯರು ಹುಡುಗನಂತೆ ಮೆಲ್ಲನೆ ಎದ್ದು, ದೀಪ ಹಾಕಿಕೊಂಡು, ಉಳಿದ ಪುಟಗಳನ್ನೆಲ್ಲ ಒಂದೇ ಪಟ್ಟಿಗೆ ಓದಿ ಮುಗಿಸಿದರು. ಮಿಸ್ಟರ್ ಬ್ರೌನ್ ಯಾರೆಂಬುದು ತಿಳಿಯಿತು. ಟಾಮಿಗೂ ಟಪೆನ್ಸಳಿಗೂ ಏನಾಯಿತೆಂಬುದೂ ತಿಳಿಯಿತು. ತೃಪ್ತಿಯಿಂದ ಪುಸ್ತಕವನ್ನು ಮುಚ್ಚುವಾಗ ಹಿಂದಿನ ರಟ್ಟಿನ ಒಳಬದಿ ಕಣ್ಣಿಗೆ ಬಿದ್ದಿತು. ಶಿವಮೊಗ್ಗದ ಬಾಡಿಗೆ ಪುಸ್ತಕಾಲಯವೊಂದರ ಮಾಸಿದ ಚೀಟಿ. ಅದರ ಕೆಳಗೆ, ಮನೆಯ ಹಾಲಿನ ಲೆಕ್ಕದಲ್ಲಿ ಅವರು ದಿನವೂ ಕಾಣುವ ಅದೇ ಗುಂಡು ಅಕ್ಷರದಲ್ಲಿ, ಸೀಸದಕಡ್ಡಿಯ ಎರಡು ಸಾಲು: 'ಮುಗಿಯಿತು. ಆಗಸ್ಟ್ 1988. ರಾತ್ರಿ ಎರಡು ಗಂಟೆ. ಯಾರಿಗೆ ಹೇಳಲಿ?'

ರಾಯರು ಗಡಿಯಾರ ನೋಡಿದರು. ಎರಡಕ್ಕೆ ಹತ್ತು ನಿಮಿಷವಿತ್ತು. 1988ರ ಆಗಸ್ಟಿನಲ್ಲಿ, ಶಿವಮೊಗ್ಗದ ಆ ಮಳೆಯಲ್ಲಿ, ಆ ರಾತ್ರಿ ಅವರು ಅದೇ ಕೋಣೆಯಲ್ಲಿ ಮಲಗಿದ್ದರು. ಬೆಳಗ್ಗೆ ಎದ್ದು "ಹಾಲು ಬಂತೇ?" ಎಂದು ಕೇಳಿರಬೇಕು.

ಮರುದಿನ ಸಂಜೆ ಓದು ಎಂದಿನಂತೆ ನಡೆಯಿತು. ಕಾಫಿಯಾಯಿತು, ವಾದವಾಯಿತು. ಎಲ್ಲರೂ ಎದ್ದುಹೋದ ಮೇಲೆ, ಕಪ್ಪು ಕನ್ನಡಕದ ಹಿಂದಿನಿಂದ ಮನೆಯಾಕೆ ಹೇಳಿದರು: "ನಿನ್ನೆ ರಾತ್ರಿ ಮುಂದೆ ಓದಿಬಿಟ್ಟಿರಿ."

"ಯಾರು ಹೇಳಿದರು?"

"ಯಾರು ಹೇಳಬೇಕು? ದಿನಕ್ಕೊಬ್ಬನನ್ನು ಗಲ್ಲಿಗೇರಿಸುತ್ತಿದ್ದವರು, ಇವತ್ತು ಯಾರನ್ನೂ ಹಿಡಿಯಲಿಲ್ಲ."

ಸಾಕ್ಷ್ಯ ಬಲವಾಗಿತ್ತು. ರಾಯರು ತಪ್ಪೊಪ್ಪಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಮೇಲೂ ಒಂದು ಆರೋಪವಿದೆ. ಹಿಂದಿನ ರಟ್ಟಿನ ಮೇಲೆ ನಿನ್ನ ಅಕ್ಷರವಿದೆ. ಅಪರಾಧಿ ಯಾರೆಂಬುದು ನಿನಗೆ ಶಿವಮೊಗ್ಗದಿಂದಲೇ ಗೊತ್ತು" ಎಂದರು.

ಮನೆಯಾಕೆ ಸುಮ್ಮನಿದ್ದರು.

"ಹಾಗಾದರೆ ಇಷ್ಟು ದಿನವೂ ಅವನು, ಇವನು ಎಂದು ಅನುಮಾನಪಟ್ಟದ್ದು?"

"ನೀವು ಅಷ್ಟು ಉತ್ಸಾಹದಿಂದ ಹಿಡಿಯುತ್ತಿದ್ದಿರಿ. ನಾನು ಮೊದಲೇ ಹೇಳಿಬಿಟ್ಟರೆ ಪುಸ್ತಕ ಕೆಳಗಿಡುತ್ತಿದ್ದಿರಿ." ಆಕೆ ಸೆರಗಿನ ಅಂಚನ್ನು ಸರಿಪಡಿಸಿಕೊಂಡರು. "ಆ ಪುಸ್ತಕಾಲಯ ಮುಚ್ಚುವಾಗ ಐದು ರೂಪಾಯಿಗೆ ಕೊಟ್ಟರು. ಮೂರು ಸಲ ಓದಿದ್ದೇನೆ. ಒಬ್ಬಳೇ ಓದಿದರೆ ಅಪರಾಧಿ ಸಿಕ್ಕಿಬೀಳುತ್ತಾನೆ, ಅಷ್ಟೆ. ಆ ಹುಡುಗ ಎಷ್ಟು ನಿಧಾನ, ಆ ಹುಡುಗಿಗೆ ಎಷ್ಟು ಧೈರ್ಯ ಅಂತ ಆಡಿಕೊಳ್ಳೋದಕ್ಕೆ ಇನ್ನೊಬ್ಬರು ಬೇಕಾಗುತ್ತೆ."

ರಾಯರು ಉತ್ತರ ಹೇಳಲಿಲ್ಲ. ಆದರೆ ಮಾರನೆಯ ಸಂಜೆ ಪುಸ್ತಕ ಹಿಡಿದು ಕುಳಿತಾಗ, ಎಲ್ಲರ ಮುಂದೆ ಒಬ್ಬ ನಿರಪರಾಧಿಯನ್ನು ಹಿಡಿದು ಸಾಕ್ಷ್ಯಸಮೇತ ಜೈಲಿಗೆ ಕಳುಹಿಸಿದರು. ಮನೆಯಾಕೆ ಗಂಭೀರವಾಗಿ ವಿರೋಧಿಸಿದರು. ಬೇರೆಯವರಿಗೆ ಗುಟ್ಟು ತಿಳಿಯಲಿಲ್ಲ. ಕಡೆಗೆ ಮಿಸ್ಟರ್ ಬ್ರೌನ್ ಬಯಲಾದಾಗ ಮೊಮ್ಮಗಳು ಕೂಗಿಕೊಂಡಳು. ಅಜ್ಜ ಅಜ್ಜಿಯರೂ ಅಷ್ಟೇ ಗಟ್ಟಿಯಾಗಿ ಆಶ್ಚರ್ಯಪಟ್ಟರು.

ಕಥೆ ಮುಗಿದ ಮೇಲೂ ಯಾರೂ ಏಳಲಿಲ್ಲ. ಮಿಸ್ಟರ್ ಬ್ರೌನ್‌ನನ್ನು ಐದು ನಿಮಿಷದಲ್ಲಿ ಎಲ್ಲರೂ ಮರೆತರು. ಮೊಮ್ಮಗಳು ಕೇಳಿದ್ದು ಬೇರೆಯೇ ಪ್ರಶ್ನೆ: "ಆಮೇಲೆ ಅವರಿಬ್ಬರೂ ಏನಾದರು?"

ಆ ಪ್ರಶ್ನೆಯನ್ನು ಲೋಕವೇ ಕೇಳಿದೆ ಎಂದರು ಅಧ್ಯಾಪಿನಿ. ಕ್ರಿಸ್ಟಿಯ ಇತರ ಪತ್ತೇದಾರರಾದ ಪೊಯಿರೊ, ಮಿಸ್ ಮಾರ್ಪಲ್ ಮೊದಲಿನಿಂದಲೂ ವಯಸ್ಸಾದವರು. ವರ್ಷಗಳು ಕಳೆದರೂ ಹೆಚ್ಚು ಬದಲಾಗಲಿಲ್ಲ. ಟಾಮಿ ಟಪೆನ್ಸರು ಮಾತ್ರ ಮನುಷ್ಯರಂತೆ ಮುದುಕರಾದರು. 1929ರ ಕಥಾಸಂಕಲನದಲ್ಲಿ ಅವರು ಗಂಡಹೆಂಡಿರು, ಪತ್ತೇದಾರಿ ಕಚೇರಿ ನಡೆಸುತ್ತಾರೆ. 1941ರ 'ಎನ್ ಆರ್ ಎಮ್?' ಎಂಬ ಕಾದಂಬರಿಯಲ್ಲಿ ಎರಡನೆಯ ಮಹಾಯುದ್ಧ, ಮಕ್ಕಳು ದೊಡ್ಡವರಾಗಿದ್ದಾರೆ, ನಡುವಯಸ್ಸಿನ ಇವರು ಯಾರಿಗೂ ಬೇಡ. ಕಡೆಗೆ ಟಾಮಿಗೆ ಮಾತ್ರ ಗುಟ್ಟಿನ ಕೆಲಸ ಸಿಗುತ್ತದೆ. ಸ್ಕಾಟ್ಲೆಂಡಿಗೆ ಹೋಗುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ, ಸಮುದ್ರತೀರದ ವಸತಿಗೃಹಕ್ಕೆ ವೇಷ ಮರೆಸಿಕೊಂಡು ಹೋದರೆ, ಅಲ್ಲಿ ಅವನಿಗಿಂತ ಮುಂಚೆಯೇ ಟಪೆನ್ಸ್ ಬೇರೊಂದು ಹೆಸರಿನಿಂದ ಬಂದು, ಉಲ್ಲನ್ ಹೆಣೆಯುತ್ತ ಕುಳಿತಿದ್ದಾಳೆ!

ಮನೆಯಾಕೆ ನಕ್ಕು ನಕ್ಕು, ಕಣ್ಣಿಗೆ ಆಯಾಸವಾದೀತೆಂದು ಸೊಸೆ ಗದರಿಸಬೇಕಾಯಿತು.

ಆಮೇಲೆ ಬಹುಕಾಲ ಅವರ ಸುದ್ದಿಯಿಲ್ಲ. ಅವರೇನಾದರು, ಈಗ ಏನು ಮಾಡುತ್ತಿದ್ದಾರೆ ಎಂದು ದೇಶದೇಶಗಳ ವಾಚಕರು ಲೇಖಕಿಗೆ ಪತ್ರ ಬರೆದು ವಿಚಾರಿಸುತ್ತಿದ್ದರು, ಬಂಧುಗಳನ್ನು ವಿಚಾರಿಸುವಂತೆ. 1968ರಲ್ಲಿ 'ಬೈ ದಿ ಪ್ರಿಕಿಂಗ್ ಆಫ್ ಮೈ ಥಂಬ್ಸ್' ಎಂಬ ಕಾದಂಬರಿಯಲ್ಲಿ ಆಕೆ ಉತ್ತರ ಕೊಟ್ಟು, ಆ ಪತ್ರ ಬರೆದವರಿಗೇ ಪುಸ್ತಕವನ್ನು ಅರ್ಪಿಸಿದಳು. 1973ರಲ್ಲಿ ಎಂಬತ್ತಮೂರರ ಆ ಮುದುಕಿ ಬರೆದ ಕೊನೆಯ ಕಾದಂಬರಿಯಲ್ಲಿಯೂ ಇದೇ ಇಬ್ಬರು, ತಲೆ ನೆರೆತು, ಹೊಸ ಮನೆಯಲ್ಲಿ ಹಳೆಯ ಪುಸ್ತಕಗಳನ್ನು ಜೋಡಿಸುತ್ತ, ಅವುಗಳೊಳಗೊಂದು ರಹಸ್ಯವನ್ನು ಹುಡುಕುತ್ತಾರೆ. 1976ರಲ್ಲಿ ಕ್ರಿಸ್ಟಿ ತೀರಿಕೊಂಡಳು.

"ಮೊದಲನೆಯದನ್ನು ಬೇಸತ್ತವರಿಗೆ ಅರ್ಪಿಸಿದಳು, ನಲವತ್ತಾರು ವರ್ಷದ ಮೇಲೆ ವಿಚಾರಿಸಿದವರಿಗೆ ಅರ್ಪಿಸಿದಳು" ಎಂದರು ರಾಯರು, ಲೆಕ್ಕ ಹಾಕುತ್ತ. ಬಳಿಕ ಯಾರ ಮುಖವನ್ನೂ ನೋಡದೆ, "ಎರಡನೆಯದು ಅಂಗಡಿಯಲ್ಲಿ ಸಿಗುತ್ತದೆಯೇ?" ಎಂದು ಮೊಮ್ಮಗಳನ್ನು ಕೇಳಿದರು.

ಪುಸ್ತಕ ಬಂದ ದಿನವೇ ಮನೆಯಾಕೆಯ ಹೊಸ ಕನ್ನಡಕವೂ ಬಂದಿತು. ವೈದ್ಯರ ಕೈಗುಣ ಚೆನ್ನಾಗಿತ್ತು. ಆಕೆ ಕನ್ನಡಕವನ್ನು ಹಾಕಿಕೊಂಡು ಗೋಡೆಯ ಪಂಚಾಂಗವನ್ನು ಓದಿದರು, ಔಷಧಿಯ ಸೀಸೆಯ ಮೇಲಿನ ಅಕ್ಷರವನ್ನೂ ಓದಿದರು. ಎಲ್ಲರಿಗೂ ಸಂತೋಷವಾಯಿತು. ರಾಯರಿಗೂ ಸಂತೋಷವೇ, ಆದರೂ ಸಂಜೆ ಏಳಾದಾಗ ಅವರು ಪತ್ರಿಕೆಯನ್ನೇ ಕೈಗೆ ತೆಗೆದುಕೊಂಡು, ಬೆಳಗ್ಗೆ ಓದಿದ್ದ ಪುಟವನ್ನೇ ಮತ್ತೆ ನೋಡುತ್ತ ಕುಳಿತರು.

ಮನೆಯಾಕೆ ಹೊಸ ಪುಸ್ತಕವನ್ನು ತೆರೆದರು. ಅರ್ಪಣೆಯ ಪುಟದ ಮೇಲೆ ಒಮ್ಮೆ ಕಣ್ಣಾಡಿಸಿದರು. ಬಳಿಕ ಕನ್ನಡಕವನ್ನು ತೆಗೆದು, ಮಡಿಸಿ, ಅದರ ಡಬ್ಬಿಯೊಳಗಿಟ್ಟು ಮುಚ್ಚಿದರು.

"ಅಕ್ಷರ ಬಹಳ ಸಣ್ಣದಾಗಿದೆ, ರೀ. ನೀವೇ ಓದಿ."